ಆ ಕಾಗದದಲ್ಲಿ ಏನಿತ್ತು, ತಂಗಿ?

ಮದ್ದೂರು ಕಡೆಯಿಂದ ದಿನಾ ವ್ಯಾನಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ತಂಗಿಯೊಬ್ಬರ ಪತ್ರ ಓದಿದಾಗಿನಿಂದ ನನಗೆ ಸಿಟ್ಟು ಇಳಿದಿಲ್ಲ. ಏಳು ವರ್ಷದಿಂದ ಟೈಲರ್, ಕಾಲರ್ ಕೂರಿಸುವುದರಲ್ಲಿ ಕೈ ಪಳಗಿದೆ. ಹೊಸದಾಗಿ ಬಂದ ಸೂಪರ್‌ವೈಸರ್ ಮೆಷಿನ್ ನೋಡುವ ನೆಪದಲ್ಲಿ ಮೈಮೇಲೆ ಬೀಳುತ್ತಿದ್ದ, ರಾತ್ರಿ ಫೋನ್ ಮಾಡುತ್ತಿದ್ದ. ಎರಡು ತಿಂಗಳ ಹಿಂದೆ ಇವರು ಎಚ್‌ಆರ್ ಮೇಡಂ ಹತ್ತಿರ ಹೇಳಿಕೊಂಡರು. ಅವನ ಕಾಟ ನಿಂತಿತು. ಆದರೆ ವಾರದೊಳಗೆ ಇವರನ್ನು ಮೆಷಿನ್‌ನಿಂದ ಎಬ್ಬಿಸಿ, ಹೆಲ್ಪರ್‌ಗಳ ಜೊತೆ ದಾರ ಕತ್ತರಿಸಲು ನಿಲ್ಲಿಸಿದರು. ಐದು ನಿಮಿಷ ತಡವಾದರೂ ಮೆಮೊ. "ಕೆಲಸ ಬಿಟ್ಟುಬಿಡಲಾ ಅಕ್ಕಾ?" ಎಂದು ಕೇಳಿದ್ದಾರೆ.

ತಂಗಿ, ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮಗಳ ಶಾಲೆ ಫೀಸಿನ ಮಾತಿನ ನಡುವೆ ನೀವು ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: "ಮೇಡಂ ಒಂದು ಇಂಗ್ಲಿಷ್ ಪೇಪರಿಗೆ ಸೈನ್ ತಗೊಂಡ್ರು, ಸುಮ್ನೆ ರೆಕಾರ್ಡಿಗೆ ಅಂದ್ರು." ಏನದು? ದೂರು ವಾಪಸ್ ಪಡೆದಿದ್ದೇನೆ ಎಂದೋ? ರಾಜಿಯಾಗಿದ್ದೇನೆ ಎಂದೋ? ತಾರೀಖು ಹಾಕದ ರಾಜೀನಾಮೆಯೋ? ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಸಂಘದ ಸಾಲದಲ್ಲಿ ಹೆಂಗಸರು ಮುಳುಗುವುದು ಇಲ್ಲೇ.

ಸೂಪರ್‌ವೈಸರ್ ಎಂಥವನೆಂದು ನಿಮಗೂ ಗೊತ್ತು, ನನಗೂ ಗೊತ್ತು. ನನ್ನ ಕೋಪವೆಲ್ಲ ಆ ಮೇಡಂ ಮೇಲೆ. "ನಾನೂ ಹೆಂಗಸಲ್ವಾ, ನನಗೆ ಬಿಡಿ" ಎಂದು ಧೈರ್ಯ ಹೇಳಿ, ಕಾಫಿ ಕುಡಿಸಿ, ನಿಮ್ಮ ದೂರನ್ನು ಮಾತ್ರ ಇಂಥದ್ದನ್ನು ವಿಚಾರಿಸಲೆಂದೇ ಇರಬೇಕಾದ ಆಂತರಿಕ ಸಮಿತಿಗೆ ಮುಟ್ಟಿಸಲಿಲ್ಲ. "ದೊಡ್ಡದು ಮಾಡಬೇಡ" ಎಂದ ನಿಮ್ಮ ಯಜಮಾನರನ್ನು ನಾನು ಬಯ್ಯುವುದಿಲ್ಲ. ಆಟೋ ಸಾಲ ತೀರಿಸುತ್ತಿರುವ ಮನುಷ್ಯ, ಹೆದರಿದ್ದಾರೆ.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆಯ ಬಗ್ಗೆ "ಈ ಕಾನೂನೆಲ್ಲ ಐಟಿಯವರಿಗೆ" ಎಂದಿದ್ದೀರಿ. ಇದು ಹುಟ್ಟಿದ್ದೇ ಬಡ ಹೆಂಗಸಿನ ನೋವಿನಿಂದ. ರಾಜಸ್ಥಾನದ ಹಳ್ಳಿಯಲ್ಲಿ ತನ್ನ ಕೆಲಸದ ಭಾಗವಾಗಿ ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಕಾರ್ಯಕ್ರಮದ ಕಾರ್ಯಕರ್ತೆ ಭಂವರಿ ದೇವಿ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ಆ ಹಿನ್ನೆಲೆಯಲ್ಲೇ 1997ರಲ್ಲಿ ಸುಪ್ರೀಂ ಕೋರ್ಟ್ ಕೆಲಸದ ಜಾಗದ ಕಿರುಕುಳ ತಡೆಯಲು ವಿಶಾಖಾ ಮಾರ್ಗಸೂಚಿ ಕೊಟ್ಟಿತು, 2013ರಲ್ಲಿ ಈ ಕಾಯ್ದೆ ಬಂತು. ಹತ್ತು ಜನ ಕೆಲಸ ಮಾಡುವ ಕಡೆಯೂ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹೆಂಗಸೇ ಆಗಿರಬೇಕು, ಹೊರಗಿನವರೊಬ್ಬರು ಸದಸ್ಯರಾಗಿರಬೇಕು, ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ರಾಜಿ ಮಾಡಿಸುವುದಿದ್ದರೂ ನೀವು ಕೇಳಿಕೊಂಡರೆ ಮಾತ್ರ, ಅದೂ ಸಮಿತಿಯ ಮೂಲಕ, ಮತ್ತು ಅದರ ಪ್ರತಿ ನಿಮ್ಮ ಕೈಗೆ ಕೊಡಬೇಕು. ನಿಮಗೆ ಯಾವ ಪ್ರತಿಯೂ ಸಿಕ್ಕಿಲ್ಲ.

ಹಾಗಾಗಿ ಒಂದೇ ಕೆಲಸ: ಈ ಭಾನುವಾರ ಕೂತು ಸಮಿತಿಯ ಅಧ್ಯಕ್ಷೆಗೆ ಕನ್ನಡದಲ್ಲೇ ಪತ್ರ ಬರೆಯಿರಿ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಎರಡು ಆಗಲೇ ಕಳೆದಿವೆ. ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು, ಅದನ್ನು ನಂಬಿ ಕೂರಬೇಡಿ. ಅವನು ಮಾಡಿದ್ದು, ಮೆಷಿನ್‌ನಿಂದ ಎಬ್ಬಿಸಿದ್ದು, ಮೆಮೊಗಳು, ಓದದೆ ಹಾಕಿದ ಸಹಿ, ಎಲ್ಲವನ್ನೂ ತಾರೀಖಿನ ಸಮೇತ ಬರೆಯಿರಿ. ವಿಚಾರಣೆ ಮುಗಿಯುವ ತನಕ ಅವನನ್ನು ಬೇರೆ ಕಡೆ ಹಾಕಿ, ನನ್ನ ಕೆಲಸದ ಬಗ್ಗೆ ಅವನು ವರದಿ ಬರೆಯಬಾರದು ಎಂದು ಕೇಳಿ. ಕೇಳುವ ಹಕ್ಕು ಕಾಯ್ದೆಯಲ್ಲೇ ಇದೆ. ದೂರಿನ ಆರು ಪ್ರತಿ ಬೇಕು, ಜೆರಾಕ್ಸ್ ಮಾಡಿಸಿ ನಿಮಗೊಂದು ಇಟ್ಟುಕೊಳ್ಳಿ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನ ಮಾಡಿ. ಅವನ ಕರೆಗಳು ಫೋನಿನಲ್ಲಿದ್ದರೆ ಅಳಿಸಬೇಡಿ.

ಕೆಲಸ ಬಿಡಬೇಡಿ. ಬಿಟ್ಟರೆ ಅವರಿಗೆ ಬೇಕಾದ್ದನ್ನು ನೀವೇ ಮಾಡಿಕೊಟ್ಟ ಹಾಗೆ. ಮೇಡಂ ಮತ್ತೆ ರೂಮಿಗೆ ಕರೆದರೆ, "ದೂರು ಸಮಿತಿಯಲ್ಲಿದೆ, ಅಲ್ಲೇ ಮಾತಾಡ್ತೀನಿ" ಅನ್ನಿ. ಪೆನ್ನು ಮುಟ್ಟಬೇಡಿ.