ಜೆಂಟೂ ಮತ್ತು ಚಿನ್‌ಸ್ಟ್ರ್ಯಾಪ್ ಪೆಂಗ್ವಿನ್‌ಗಳ ಐಸೊಟೋಪ್ ಮೌಲ್ಯಗಳು ಬೇರ್ಪಡದಿರುವ ಬಗ್ಗೆ
ನಿಮ್ಮ ಕಾಲೊನಿಯ ಜೆಂಟೂ ಮತ್ತು ಚಿನ್‌ಸ್ಟ್ರ್ಯಾಪ್ ಪೆಂಗ್ವಿನ್‌ಗಳ ಐಸೊಟೋಪ್ ಮೌಲ್ಯಗಳು ಏಕೆ ಬೇರ್ಪಡುತ್ತಿಲ್ಲ ಎಂದು ಕೇಳಿದ್ದೀರಿ. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಈ ಎರಡು ಪೆಂಗ್ವಿನ್‌ಗಳ ನೈಟ್ರೋಜನ್-15 (ಪ್ರಾಣಿಯು ಆಹಾರ ಸರಪಳಿಯ ಯಾವ ಮಟ್ಟದಲ್ಲಿ ತಿನ್ನುತ್ತದೆಂದು ಸೂಚಿಸುವ, ನೈಟ್ರೋಜನ್‌ನ ಭಾರವಾದ ರೂಪ) ಮೌಲ್ಯಗಳು ಒಂದರ ಮೇಲೊಂದು ಬೀಳುತ್ತಿರುವುದಕ್ಕೆ, ಮರಿ ಸಾಕುವ ಕಾಲದಲ್ಲಿ ಎರಡೂ ಮುಖ್ಯವಾಗಿ ಕ್ರಿಲ್ಲನ್ನೇ (ಸೀಗಡಿಯಂಥ ಸಣ್ಣ ಕಡಲಜೀವಿ) ತಿನ್ನುವುದು ಕಾರಣವಿರಬೇಕು. ಅವು ಪಾಲು ಮಾಡಿಕೊಳ್ಳುವುದು ಹೆಚ್ಚಾಗಿ ಬೇಟೆಯ ಜಾಗವನ್ನು.

ಮೊದಲು ಮಾದರಿ ಯಾವುದೆಂದು ನೋಡಿ: ರಕ್ತವು ಕಳೆದ ಕೆಲವು ವಾರಗಳ ಆಹಾರವನ್ನು ತೋರಿಸಿದರೆ, ವಯಸ್ಕ ಹಕ್ಕಿಯ ಗರಿಯು ಹಳೆಯ ಗರಿ ಉದುರುವ ಮುನ್ನ ಅದು ಕಡಲಿನಲ್ಲಿ ತಿಂದುದನ್ನು ತೋರಿಸುತ್ತದೆ; ಎರಡನ್ನೂ ಒಂದೇ ನಕ್ಷೆಯಲ್ಲಿ ಬೆರೆಸುವುದು ಸರಿಯಲ್ಲ. ಬಳಿಕ ಮುಳುಗಿನ ಆಳದ ದಾಖಲೆಗಳನ್ನು ಮರಿಗಳ ವಯಸ್ಸಿನಂತೆ ವಿಂಗಡಿಸಿ, ತೀರದಿಂದಿರುವ ದೂರದೊಂದಿಗೆ ಇಟ್ಟು ನೋಡಿ. ಜೆಂಟೂ ದಡದ ಸಮೀಪದಲ್ಲೇ ಉಳಿದು 100 ಮೀಟರಿಗೂ ಕೆಳಗಿಳಿಯಬಲ್ಲದು. ಚಿನ್‌ಸ್ಟ್ರ್ಯಾಪ್ ಸಾಮಾನ್ಯವಾಗಿ ಹೆಚ್ಚು ದೂರ ಹೋಗಿ ಮೇಲಿನ ಪದರದಲ್ಲಿ ಬೇಟೆಯಾಡುತ್ತದೆ.

ನಿಮ್ಮ ಕಾಲೊನಿಯಲ್ಲೂ ಹೀಗೆಯೇ ಇದೆಯೆಂದು ದಾಖಲೆ ನೋಡದೆ ಹೇಳಲಾರೆ. ಕ್ರಿಲ್ ಸಮೃದ್ಧವಾಗಿರುವ ವರ್ಷ ಎರಡರ ಬೇಟೆಯ ಜಾಗಗಳ ನಡುವಿನ ಈ ಗೆರೆ ಅಳಿಸಿಹೋಗಬಹುದಾದ್ದರಿಂದ, ಪ್ರತಿ ವರ್ಷವನ್ನೂ ಪ್ರತ್ಯೇಕವಾಗಿ ವಿಶ್ಲೇಷಿಸಿ.