ಬೋಟಿನ ಯಂತ್ರಗಳಿಗೆ ಜಲವರ್ಣ ಸಾಲದೇ?

ಬಲೆ ಎಳೆಯುವ ವಿಂಚು, ಹಗ್ಗ, ಪ್ರೊಪೆಲರ್‌ಗಳ ಗಟ್ಟಿತನ ಜಲವರ್ಣಕ್ಕೆ ಒಗ್ಗುತ್ತಿಲ್ಲ, ಅಕ್ರಿಲಿಕ್‌ಗೆ ಹೋಗಲೇ, ಇಲ್ಲವಾದರೆ ಕಾಗದದ ಬಿಳಿಗೆ ಬಣ್ಣ ತಾಗದಂತೆ ಮೊದಲೇ ಬಳಿಯುವ ಮಾಸ್ಕಿಂಗ್ ದ್ರವದಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ. ಆ ಸೀಸೆ ನನ್ನ ಮೇಜಿನ ಮೇಲೂ ಇತ್ತು.

ಮಲ್ಪೆಯಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದುರಸ್ತಿಗೆಂದು ದಡಕ್ಕೆಳೆದ ಬೋಟುಗಳಲ್ಲಿ, ನೀರಿನಡಿ ಅಡಗಿರುತ್ತಿದ್ದ ಪ್ರೊಪೆಲರ್ ಆಗ ಕಣ್ಣೆದುರಿಗೆ ಬರುತ್ತದೆ. ಅಂಥದೊಂದು ಹಳೆಯ ಮರದ ಬೋಟನ್ನು ಒಡೆಸುವ ಮೊದಲು ಚಿತ್ರ ಬರೆದುಕೊಡಿ ಎಂದು ಅದರ ಮಾಲೀಕರು ಕೇಳಿದರು. ಅವರ ತಂದೆಯ ಕಾಲದ ಬೋಟು. ಟಾರ್ಪಾಲಿನಡಿ ಕುಳಿತು ಮೂರು ದಿನ ಪೆನ್ಸಿಲ್ಲಿನಲ್ಲಿ ರೇಖೆ ಎಳೆದೆ.

ತಪ್ಪು ನಡೆದದ್ದು ಮನೆಯಲ್ಲಿ. ಬಿಳಿ ಕೈತಪ್ಪೀತೆಂಬ ಹೆದರಿಕೆಯಿಂದ ಪ್ರತಿ ಹಗ್ಗಕ್ಕೂ, ಪ್ರತಿ ಬೋಲ್ಟಿಗೂ, ಪ್ರೊಪೆಲರಿನ ಅಂಚಿಗೂ ಮಾಸ್ಕಿಂಗ್ ದ್ರವ ಬಳಿದೆ. ಅದು ರಬ್ಬರ್ ಹಾಲಿನದು. ಒಣಗಿ ಪೊರೆಯಾದ ಮೇಲೆ ಬಣ್ಣ ಹಚ್ಚಬೇಕು. ಬಣ್ಣ ತಾನಾಗಿ ಆರಿದ ಕೂಡಲೇ ಪೊರೆಯನ್ನು ಉಜ್ಜಿ ತೆಗೆಯಬೇಕು. ಆಷಾಢದ ಮಳೆಯಲ್ಲಿ ಆಕಾಶಕ್ಕೆ ಬಳಿದ ಬೂದು ಬಣ್ಣ ಸಂಜೆಯಾದರೂ ಆರಲಿಲ್ಲ. ತಾಳ್ಮೆಗೆಟ್ಟು ಹೇರ್ ಡ್ರೈಯರ್ ಹಿಡಿದೆ. ಬಿಸಿ ತಾಗಿದ ರಬ್ಬರ್ ಕಾಗದದ ನಾರಿಗೆ ಕಚ್ಚಿಕೊಂಡಿತು. ಸಾಲದ್ದಕ್ಕೆ ಹತ್ತು ದಿನ ಹಾಗೆಯೇ ಬಿಟ್ಟೆ. ಉಜ್ಜಿದಾಗ ಕಾಗದದ ಚರ್ಮವೇ ಸುಲಿದು ಬಂತು. 300 ಜಿಎಸ್‌ಎಂನ ದಪ್ಪ ಹತ್ತಿ ಕಾಗದ! ಸುಲಿದಲ್ಲಿ ಬಣ್ಣ ಮುಟ್ಟಿಸಿದರೆ ಶಾಯಿ ಹೀರುವ ಕಾಗದದಂತೆ ಹೀರಿ ಹರಡಿತು. ಮತ್ತೊಮ್ಮೆ ಬರೆಯೋಣವೆಂದು ಹೋದರೆ, ಬೋಟು ಹಲಗೆಗಳ ರಾಶಿಯಾಗಿತ್ತು.

ಜಲವರ್ಣ ಯಂತ್ರಗಳಿಗೆ ಮೆದುವಾಯಿತು ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದೇ ಇಲ್ಲ. ಇಂಗ್ಲೆಂಡಿನ ಎರಿಕ್ ರವಿಲಿಯಸ್ ನೌಕಾಪಡೆಯ ಜೊತೆಗಿದ್ದ ಯುದ್ಧಚಿತ್ರಕಾರನಾಗಿ 1940ರಲ್ಲಿ ಬರೆದ, ರೈಲಿನ ತೆರೆದ ವ್ಯಾಗನ್ ಮೇಲಿನ ಹಡಗಿನ ಪ್ರೊಪೆಲರಿನ ಚಿತ್ರವನ್ನು ನೋಡಿ. ಮೂಲ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನದು. ನಾನು ಕಂಡದ್ದು ಮುದ್ರಿತ ಪ್ರತಿಯನ್ನು. ಸುತ್ತ ಹಿಮ, ನಡುವೆ ತೇರೇರಿದ ಉತ್ಸವಮೂರ್ತಿಯ ಹಾಗೆ ಆ ದೊಡ್ಡ ಪ್ರೊಪೆಲರ್. ಯುದ್ಧದ ನಡುವೆಯೂ ಆತ ಒಂದು ಯಂತ್ರಭಾಗವನ್ನು ಇಷ್ಟು ಪ್ರೀತಿಯಿಂದ ನೋಡಿದ್ದಾನೆ. ರವಿಲಿಯಸ್ ಮರದಚ್ಚು ಕೆತ್ತುವವನೂ ಆಗಿದ್ದ. ಅಲ್ಲಿ ಕೆತ್ತಿದ್ದೆಲ್ಲ ಬಿಳಿಯಾಗಿ ಉಳಿಯುತ್ತದೆ. ಆ ಕಸುಬಿನ ಕೈ ಅವನ ಕುಂಚಕ್ಕೂ ಬಂತು: ಅರೆ ಒಣಗಿದ ಕುಂಚದಿಂದ ಗೀರಿನ ಪಕ್ಕ ಗೀರು, ನಡುನಡುವೆ ಉಳಿದ ಕಾಗದದಲ್ಲೇ ಬೆಳಕು.

ಆದ್ದರಿಂದ ಅಕ್ರಿಲಿಕ್ಕೂ ಬೇಡ, ಸೀಸೆಯೂ ಬೇಡ. ಬಿಳಿ ಎಲ್ಲಿ ಉಳಿಯಬೇಕೆಂದು ಪೆನ್ಸಿಲ್ಲಿನಲ್ಲೇ ಗುರುತಿಸಿ, ಅದನ್ನು ಬಿಟ್ಟು ಸುತ್ತ ಬಣ್ಣ ಹಚ್ಚಿ. ಹಗ್ಗ ಅಂಕುಡೊಂಕಾದರೆ ಆಗಲಿ, ದಡದಲ್ಲಿರುವ ಬೋಟಿನ ಹಗ್ಗವೂ ಜೋಲುತ್ತದೆ. ವಿಂಚಿನ ಡ್ರಮ್ಮಿಗೆ ರೋಪು ಯಾವ ಕಡೆಯಿಂದ ಸುತ್ತಿಕೊಳ್ಳುತ್ತದೆ ಎಂಬುದನ್ನು ಮಾತ್ರ ಬೋಟಿನವರನ್ನು ಕೇಳಿಯೇ ಬರೆಯಿರಿ.

ಆ ಮಾಲೀಕರಿಗೆ ನಾನು ಇನ್ನೂ ಒಂದು ಚಿತ್ರ ಬಾಕಿ ಇದ್ದೇನೆ. ಅವರ ಬೋಟಿನ ವಿಂಚಿನದೊಂದು ಬಿಡಿ ರೇಖಾಚಿತ್ರ ನನ್ನಲ್ಲಿ ಉಳಿದಿದೆ. ಈ ಮಳೆಗಾಲ ಅದರಿಂದಲೇ ಶುರುಮಾಡುತ್ತೇನೆ.