ಹೈಡ್ರೋಜನ್ ಇಂಧನಕೋಶವೊಂದೇ ಮನೆಗೆ ವಿದ್ಯುತ್ತನ್ನೂ ಬಿಸಿನೀರನ್ನೂ ಕೊಡಬಲ್ಲದೇ?

ಕೊಡಬಲ್ಲದು, ಜಪಾನಿನಲ್ಲಿ 2009ರಿಂದ ‘ಎನೆ-ಫಾರ್ಮ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವ ಯಂತ್ರ ಲಕ್ಷಾಂತರ ಮನೆಗಳಲ್ಲಿ ಈ ಕೆಲಸವನ್ನೇ ಮಾಡುತ್ತಿದೆ. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಈ ಪೆಟ್ಟಿಗೆಗೆ ಕೊಳವೆಯಲ್ಲಿ ಬರುವುದು ಹೈಡ್ರೋಜನ್ ಅಲ್ಲ, ಅಡುಗೆಗೆ ಬಳಸುವ ಅನಿಲವೇ. ಒಳಗೆ ಆ ಅನಿಲವನ್ನು ಬಿಸಿ ಹಬೆಯೊಂದಿಗೆ ವರ್ತಿಸುವಂತೆ ಮಾಡಿ ಹೈಡ್ರೋಜನ್ ಬಿಡಿಸಲಾಗುತ್ತದೆ. ಅದು ಕೋಶದಲ್ಲಿ ಗಾಳಿಯ ಆಮ್ಲಜನಕದೊಡನೆ, ಉರಿಯದೆಯೇ, ಸೇರಿದಾಗ ಸುಮಾರು 700 ವಾಟ್ ವಿದ್ಯುತ್ತು ಹುಟ್ಟುತ್ತದೆ ಮತ್ತು ಜೊತೆಗೆ ಬಂದ ಶಾಖವು ತೊಟ್ಟಿಯ ನೀರನ್ನು ಕಾಯಿಸುತ್ತದೆ. ದೂರದ ವಿದ್ಯುತ್ ಸ್ಥಾವರದಲ್ಲಿ ವ್ಯರ್ಥವಾಗುವ ಶಾಖ ಇಲ್ಲಿ ಸ್ನಾನಕ್ಕೆ ಒದಗುವುದೇ ಇದರ ನಿಜವಾದ ಲಾಭ. ಆದರೆ ಅನಿಲದಲ್ಲಿನ ಇಂಗಾಲವು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಹೋಗುವುದರಿಂದ ಇದನ್ನು ಸಂಪೂರ್ಣ ಮಾಲಿನ್ಯರಹಿತ ಎನ್ನಲಾಗದು. ಬಿಸಿನೀರಿನ ಬಳಕೆ ಕಡಿಮೆಯಿರುವ ಮನೆಗೆ ಇಷ್ಟು ದುಬಾರಿ ಯಂತ್ರ ಗಿಟ್ಟುವುದೂ ಇಲ್ಲ.